ಐವತ್ತಕ್ಕೆ ಚಿಲ್ಲರೆ ಇದೆಯೇ?

ಆ ವಿಡಿಯೊ ನೀವೂ ನೋಡಿರುತ್ತೀರಿ. ನಾಯಿಯ ಕುತ್ತಿಗೆಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಬೈಕಿಗೆ. ತಿಂಗಳಿಗೊಂದು ಬರುತ್ತದೆ, ಊರು ಮಾತ್ರ ಬೇರೆ. ನೋಡಿದವರೆಲ್ಲ ಅವನನ್ನೂ ಹಾಗೇ ಕಟ್ಟಿ ಎಳೆಯಿರಿ ಅನ್ನುತ್ತಾರೆ. ಕಾನೂನಿಗೆ ಅಂಥ ಸಿಟ್ಟಿಲ್ಲ. ಅದು ಮೊದಲು ನೋಡುವುದು ಸವಾರನ ತಲೆಯನ್ನು. ಹೆಲ್ಮೆಟ್ ಇಲ್ಲವೋ, ಐನೂರು ರೂಪಾಯಿ ತೆಗಿ. ಹಿಂದೆ ಚರ್ಮ ಕಿತ್ತುಕೊಂಡು ಬರುತ್ತಿರುವ ನಾಯಿಗೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 11ನೇ ಕಲಂ: ಮೊದಲ ತಪ್ಪಿಗೆ ಕಡಿಮೆಯೆಂದರೆ 10, ಹೆಚ್ಚೆಂದರೆ 50 ರೂಪಾಯಿ. ಆದ್ದರಿಂದ ಸವಾರರೇ, ನಾಯಿ ಎಳೆಯುವಾಗ ತಪ್ಪದೆ ಹೆಲ್ಮೆಟ್ ಧರಿಸಿ. ಹತ್ತು ನಾಯಿಯ ದುಡ್ಡು ಉಳಿಯುತ್ತದೆ.

ಈ ಹನ್ನೊಂದನೇ ಕಲಮನ್ನು ಒಮ್ಮೆ ಓದಬೇಕು ಮಾರಾಯ್ರೆ. ಅದರಲ್ಲಿ ಹದಿನೈದು ಬಗೆಯ ಹಿಂಸೆಗಳ ಪಟ್ಟಿಯಿದೆ. ಒದೆಯುವುದಿದೆ, ಕೆಲಸಕ್ಕಾಗದ ಪ್ರಾಣಿಯನ್ನು ದುಡಿಸುವುದಿದೆ, ತೀರಾ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದಿದೆ, ಮೇವು ನೀರು ಕೊಡದಿರುವುದಿದೆ, ಹೃದಯಕ್ಕೆ ಸ್ಟ್ರಿಕ್ನಿನ್ ವಿಷ ಚುಚ್ಚಿ ಕೊಲ್ಲುವುದೂ ಇದೆ. ದರ ಎಲ್ಲಕ್ಕೂ ಒಂದೇ. ಸರಪಳಿ ಎರಡು ಗೇಣು ಗಿಡ್ಡವಾದರೂ ಐವತ್ತು, ಎದೆಗೆ ವಿಷ ಚುಚ್ಚಿದರೂ ಐವತ್ತು. ಉಪ್ಪಿನಕಾಯಿಗೂ ಹೋಳಿಗೆಗೂ ಒಂದೇ ಟೋಕನ್.

ಕಾಯ್ದೆ ಹುಟ್ಟುವಾಗ ಹೀಗೆ ನಗೆಪಾಟಲಾಗಿರಲಿಲ್ಲ. ರಾಜ್ಯಸಭೆಯಲ್ಲಿ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಹಟ ಹಿಡಿದದ್ದಕ್ಕೆ ಬಂದ ಕಾಯ್ದೆ ಅದು. 1960ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 110 ರೂಪಾಯಿ. ಅಂದರೆ ಐವತ್ತು ರೂಪಾಯಿ ದಂಡ ಕಟ್ಟುವವನ ಕೈಯಿಂದ ನಾಲ್ಕು ಗ್ರಾಂಗೂ ಮಿಕ್ಕಿ ಚಿನ್ನ ಜಾರುತ್ತಿತ್ತು, ಎತ್ತಿಗೆ ಬಾರುಕೋಲು ಎತ್ತುವ ಮೊದಲು ಕೈ ಒಂದು ಕ್ಷಣ ತಡೆಯುತ್ತಿತ್ತು. ಇವತ್ತು? ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ ಇಡಿ ಅಡಿಕೆಗೆ ಕ್ವಿಂಟಲಿಗೆ 50,000 ಎಂದು ಹಿಡಿಯಿರಿ, ಐವತ್ತು ರೂಪಾಯಿಗೆ ನೂರು ಗ್ರಾಂ ಅಡಿಕೆ. ಜಗಿದು ಉಗುಳಿದರೆ ದಂಡ ಮುಗಿಯಿತು.

ಜೈಲಿಲ್ಲವೇ ಅಂದರೆ, ಉಂಟು. ಎರಡನೇ ಸಲಕ್ಕೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಆದರೆ ಎರಡನೆಯದು ಮೊದಲಿನದರಿಂದ ಮೂರು ವರ್ಷದೊಳಗೆ ನಡೆದಿರಬೇಕು. ಮೂರು ವರ್ಷ ಒಂದು ದಿನ ಕಾದರೆ ಮತ್ತೆ ಹೊಸ ಗಿರಾಕಿ, ಮತ್ತೆ ಐವತ್ತು. ಇನ್ನು ಮೊದಲನೆಯದು ಎಲ್ಲಾದರೂ ದಾಖಲಾಗಿದ್ದರಲ್ಲವೇ ಎರಡನೆಯದು ಎರಡನೆಯದಾಗುವುದು? ಕೇಸು ಹಾಕುವುದಕ್ಕೂ 36ನೇ ಕಲಂ ಪ್ರಕಾರ ಕೃತ್ಯ ನಡೆದ ಮೂರೇ ತಿಂಗಳ ಗಡುವು. ಆಮೇಲೆ ಹೋದರೆ ಬಾಗಿಲು ಹಾಕಿದೆ.

ಎತ್ತಿನ ವಿಷಯ ಬಂತಲ್ಲ, ಅಲ್ಲಿ ನಮ್ಮ ಸರ್ಕಾರದ ಕರುಣೆ ನೋಡಿ ಕಣ್ಣು ತುಂಬಿಬರುತ್ತದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆಂದೇ 1965ರ ನಿಯಮಗಳಿವೆ. ಎತ್ತು ಸಣ್ಣದೋ ಮಧ್ಯಮವೋ ದೊಡ್ಡದೋ, ಗಾಡಿಯ ಚಕ್ರಕ್ಕೆ ಗಾಳಿ ಟೈರಿದೆಯೋ ಬೇರಿಂಗ್ ಇದೆಯೋ ಎಂದು ನೋಡಿ ಹೇರಬಹುದಾದ ಭಾರವನ್ನು ಕಿಲೋ ಲೆಕ್ಕದಲ್ಲಿ ಬರೆದಿದ್ದಾರೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮ ಕೊಡದೆ ಐದು ಗಂಟೆ ಮೀರುವಂತಿಲ್ಲ. ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೊಗಕ್ಕೆ ಕಟ್ಟುವಂತೆಯೇ ಇಲ್ಲ. ಮನೆಗೆ ಊಟ ಹೊತ್ತು ತರುವ ಹುಡುಗನಿಗೆ ಇಂಥದೊಂದು ನಿಯಮವಿದ್ದರೆ ಅವನು ಆ ಎತ್ತಿನ ಕಾಲಿಗೆ ಬೀಳುತ್ತಿದ್ದ. ಎಲ್ಲ ಸರಿ, ಆದರೆ ಮಲೆನಾಡಿನ ಕೊಟ್ಟಿಗೆಯಲ್ಲಿ ಎತ್ತು ಎಲ್ಲಿದೆ? ಗದ್ದೆಗೆ ಟಿಲ್ಲರ್ ಬಂತು, ಅಡಿಕೆ ಮೂಟೆಗೆ ಪಿಕಪ್ ಬಂತು. ಇದ್ದರೂ ಆಗುಂಬೆಯ ಎತ್ತಿಗೆ ಬೇಕಾದ್ದು ಥರ್ಮಾಮೀಟರ್ ಅಲ್ಲ, ಕಂಬಳಿಕೊಪ್ಪೆ. ನಿಜವಾದ ತಮಾಷೆ ಆಮೇಲಿದೆ. ಈ ನಿಯಮ ಮುರಿದವನಿಗೆ 38ನೇ ಕಲಮಿನಡಿ ನೂರು ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಮೊದಲ ಸಲಕ್ಕೇ. ಎತ್ತನ್ನು ಬಿಸಿಲಲ್ಲಿ ನಡೆಸಿದವನಿಗೆ ಜೈಲು ಆಗಬಹುದು, ನೆರಳಲ್ಲಿ ಕಟ್ಟಿ ಬಡಿದವನಿಗೆ ಐವತ್ತು.

ತೋಟದ ಅಂಚಿಗೆ ಬನ್ನಿ. ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಉರುಳು ಇಟ್ಟಿರುತ್ತಾರೆ. ಉರುಳಿಗೆ ಕಾನೂನು ಗೊತ್ತಿಲ್ಲ, ಯಾರು ಬಂದರೂ ಬಿಗಿಯುತ್ತದೆ. ಚಿರತೆ ಬಿದ್ದರೆ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿ: ಮೂರರಿಂದ ಏಳು ವರ್ಷ, ದಂಡ 25,000ಕ್ಕೆ ಕಡಿಮೆಯಿಲ್ಲ. ಹಂದಿಯೇ ಬಿದ್ದರೆ ಎರಡನೇ ಅನುಸೂಚಿ, ಮೂರು ವರ್ಷದವರೆಗೆ. ಮನೆ ಕಾಯುವ ನಾಯಿ ಸಿಕ್ಕಿಕೊಂಡು ರಾತ್ರಿಯಿಡೀ ಕುಂಯ್‌ಗುಟ್ಟಿ, ಬೆಳಿಗ್ಗೆ ಯಾರೋ ಬಿಡಿಸಿದ ಮೇಲೆ ಹೇಗೋ ಚೇತರಿಸಿಕೊಂಡರೆ, ನಮ್ಮ ಹಳೇ ಐವತ್ತು. ತಂತಿ ಅದೇ, ನೋವೂ ಅದೇ. ಪಾಪದ ನಾಯಿಗೆ ಚುಕ್ಕೆ ಇಲ್ಲ ನೋಡಿ.

ಸತ್ತರೆ ಅಥವಾ ಊನವಾದರೆ ಮಾತು ಬೇರೆ. ಹಳೇ ದಂಡಸಂಹಿತೆಯಲ್ಲಿ ಅದಕ್ಕೂ ರೇಟ್ ಕಾರ್ಡ್ ಇತ್ತು: ಹತ್ತು ರೂಪಾಯಿ ಬೆಲೆಯ ಪ್ರಾಣಿಯಾದರೆ 428ನೇ ಕಲಂ, ದನ, ಎಮ್ಮೆ, ಕುದುರೆ, ಆನೆ ಅಥವಾ ಐವತ್ತು ರೂಪಾಯಿ ಬಾಳುವ ಯಾವುದೇ ಪ್ರಾಣಿಯಾದರೆ 429ನೇ ಕಲಂ. ಕಂತ್ರಿನಾಯಿಗೆ ಬೆಲೆ ಕಟ್ಟುವವರಾರು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಈ ಬೆಲೆಯ ರಗಳೆ ತೆಗೆದುಹಾಕಿತು. ಯಾವ ಪ್ರಾಣಿಯನ್ನು ಕೊಂದರೂ, ವಿಷ ಹಾಕಿದರೂ, ಊನ ಮಾಡಿದರೂ ಐದು ವರ್ಷದವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ಒಳ್ಳೆಯದೇ. ಆ 'ಅಥವಾ' ಎಂಬ ಮೂರಕ್ಷರದಲ್ಲಿ ಐದು ವರ್ಷವೂ ಕರಗಬಲ್ಲದು, ಅದು ಬೇರೆ ಮಾತು.

ಠಾಣೆಗೆ ಹೋದರೆ ಸಂಭಾಷಣೆ ಹೀಗಿರುತ್ತದೆ.

"ನಾಯಿ ನಿಮ್ದೇನ್ರಿ?"

"ಅಲ್ಲ ಸಾರ್, ಬೀದಿನಾಯಿ."

"ಮತ್ತೆ ನಿಮಗೇನ್ರಿ ತೊಂದ್ರೆ?"

ಹನ್ನೊಂದನೇ ಕಲಮಿನ ಬಹುಪಾಲು ಅಪರಾಧಗಳಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಅರ್ಜಿಗೆ ಒಂದು ಹಿಂಬರಹ ಬರೆದುಕೊಟ್ಟರೆ ಅವರ ಕೆಲಸ ಮುಗಿಯಿತು. ಆದ್ದರಿಂದ ಪ್ರಾಣಿ ಸತ್ತಿದ್ದರೆ, ಊನವಾಗಿದ್ದರೆ ದೂರಿನಲ್ಲೇ 325 ಎಂದು ಬರೆಯಬೇಕು. ಆಗ ಎಫ್‌ಐಆರ್ ತಪ್ಪಿಸಿಕೊಳ್ಳುವುದು ಕಷ್ಟ. ಹೆಣ ಹೂಳುವ ಮೊದಲು ಪಶುವೈದ್ಯಾಧಿಕಾರಿಯಿಂದ ಮರಣೋತ್ತರ ಪರೀಕ್ಷೆ ಆಗಬೇಕು. ಮಳೆಗಾಲದಲ್ಲಿ ಒಂದು ದಿನ ತಡೆದರೂ ಕೊಳೆತು ಏನೂ ಉಳಿಯುವುದಿಲ್ಲ. ವಿಷದ ಅನುಮಾನವಿದ್ದರೆ ಜಠರ ಮತ್ತು ಅದರೊಳಗಿನದು, ಯಕೃತ್ತು, ಮೂತ್ರಪಿಂಡ ಬೇರೆಬೇರೆ ಬಾಟಲಿಗೆ, ತಳದಲ್ಲಿ ಉಪ್ಪು ಕರಗದೆ ಉಳಿಯುವಷ್ಟು ಗಟ್ಟಿ ಉಪ್ಪುನೀರಿನಲ್ಲಿ. ಆ ಬರೀ ಉಪ್ಪುನೀರಿನದೂ ಒಂದು ಬಾಟಲಿ ಜೊತೆಗಿರಬೇಕು. ಕೈಗೆ ಸಿಕ್ಕಿತೆಂದು ಫಾರ್ಮಲಿನ್ ಸುರಿದರೆ ವಿಷದ ಪರೀಕ್ಷೆಯೇ ಹಾಳು. ಅರಗಿನ ಮುದ್ರೆ ಒಡೆದಿದ್ದರೆ ಆರೋಪಿಯ ವಕೀಲರಿಗೆ ಹಬ್ಬ. ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕು, ಅವರು ವರ್ಷಗಳಾದ ಮೇಲೂ ನ್ಯಾಯಾಲಯಕ್ಕೆ ಬಂದು ಅದೇ ಮಾತು ಹೇಳಬೇಕು. ಆರೋಪಿ ಮೇಲಿನಮನೆಯವನು, ಸಾಕ್ಷಿ ಕೆಳಗಿನಮನೆಯವನು, ನೀರಿನ ಕಾಲುವೆ ಇಬ್ಬರಿಗೂ ಒಂದೇ. ಏನು ಹೇಳುತ್ತಾನೆ ಅಂತ ನಿಮಗೆ ಗೊತ್ತು.

2021ರ ಸೆಪ್ಟೆಂಬರ್ ನೆನಪಿದೆಯೇ? ಭದ್ರಾವತಿ ತಾಲೂಕಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತರೆಂಬ ಸುದ್ದಿ. ಗುಂಡಿ ತೋಡಿ ಹೆಣ ತೆಗೆದರು. ಒಂದು ವಾರ ಶಿವಮೊಗ್ಗದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹನ್ನೊಂದನೇ ಕಲಮಿನಲ್ಲಿ ತಲಾ ಐವತ್ತರಂತೆ ನೂರು ನಾಯಿಗೆ ಐದು ಸಾವಿರ. ಜೆಸಿಬಿಯ ನಾಲ್ಕೈದು ಗಂಟೆಯ ಬಾಡಿಗೆ ಅಷ್ಟೇ. ಇಲ್ಲಿ ತಮಾಷೆ ಮಾಡಲು ನೋಡಿದೆ, ಬರುತ್ತಿಲ್ಲ. ಬೀದಿನಾಯಿ ಕಾಟ ಸುಳ್ಳಲ್ಲ, ಕಚ್ಚಿಸಿಕೊಂಡ ಮಗುವಿನ ನೋವೂ ಸುಳ್ಳಲ್ಲ. ಅದಕ್ಕೆ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಬೇಕೆಂಬ ನಿಯಮ 2001ರಿಂದಲೇ ಇದೆ. ಅದಕ್ಕೆ ದುಡ್ಡು, ಡಾಕ್ಟರು, ತಾಳ್ಮೆ ಬೇಕು. ಕೊಲ್ಲುವುದು ಅಗ್ಗ. ಅಗ್ಗ ಮಾಡಿಟ್ಟಿರುವುದು ಕಾನೂನೇ.

ಹತ್ತು ವರ್ಷ ಜೈಲು ಮಾಡಿ ಎಂಬ ಕೂಗಿಗೂ ನನ್ನ ಸಹಿ ಇಲ್ಲ. ಸರಪಳಿ ಗಿಡ್ಡ ಮಾಡಿದವನನ್ನೂ, ಬೆಳೆ ಕಳೆದುಕೊಂಡು ಉರುಳಿಟ್ಟವನನ್ನೂ, ಮೋಜಿಗೆ ನಾಯಿ ಎಳೆದವನನ್ನೂ ಒಂದೇ ತಕ್ಕಡಿಗೆ ಹಾಕುವುದು ಐವತ್ತು ರೂಪಾಯಿಯಷ್ಟೇ ಹುಚ್ಚು. ಬೇಕೆಂದೇ ಹಿಂಸಿಸಿದವನಿಗೆ ಮೊದಲ ಸಲಕ್ಕೇ ಮೂರು ತಿಂಗಳು, ಖಂಡಿತವಾಗಿ. ಕೇಸು ಹಾಕುವ ಮೂರು ತಿಂಗಳ ಗಡುವು ಮೂರು ವರ್ಷವಾಗಲಿ. 29ನೇ ಕಲಮಿನಲ್ಲಿ, ಮತ್ತೆ ಹಿಂಸಿಸುತ್ತಾನೆ ಎಂದು ಕಂಡರೆ ಶಿಕ್ಷೆಯಾದವನಿಂದ ಪ್ರಾಣಿಯನ್ನು ಕಿತ್ತುಕೊಂಡು ಇನ್ನು ಮುಂದೆ ಸಾಕಬೇಡ ಎನ್ನುವ ಅಧಿಕಾರ ನ್ಯಾಯಾಲಯಕ್ಕಿದೆ, ಅದನ್ನೂ ಮೊದಲ ಸಲಕ್ಕೇ ಬಳಸಲಿ.

2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿತು. ಘೋರ ಹಿಂಸೆಗೆ 50,000ದಿಂದ 75,000 ದಂಡ ಅಥವಾ ಮೂರು ವರ್ಷದವರೆಗೆ ಜೈಲು, ಕೊಂದರೆ ಐದು ವರ್ಷದವರೆಗೆ. ಅಭಿಪ್ರಾಯ ಕೇಳಿದರು, ಜನ ಬರೆದರು. ನಮ್ಮಲ್ಲಿ ಬ್ಯಾಣದ, ಅಂದರೆ ಹುಲ್ಲುಗಾವಲಿನ, ಹುಲ್ಲು ಒಣಗಿದರೆ ಕರಡ ಅನ್ನುತ್ತೇವೆ. ಕೊಯ್ದು ತಂದರೆ ಕೊಟ್ಟಿಗೆಯ ದನಕ್ಕಾದರೂ ಆಗುತ್ತದೆ.