ಮತ್ತೆ ಅದೇ 384!

ಇವತ್ತು ಇನ್ನೊಂದು ಸಿನಾಪ್ಸಿಸ್ (ಥೀಸಿಸ್‌ಗೂ ಮೊದಲು ಕೊಡುವ ಯೋಜನೆ) ಕಣ್ಣಿಗೆ ಬಿತ್ತು. ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಜನರನ್ನು ಅಧ್ಯಯನಕ್ಕೆ ತಗೋಬೇಕು ಅನ್ನೋದು, 384. ಬೇರೆ ಏನು ತಾನೇ ಇರುತ್ತೆ! ಕಾಯಿಲೆ ಯಾವುದಾದರೂ ಆಗಲಿ, ಪ್ರಶ್ನೆ ಏನಾದರೂ ಆಗಲಿ, ಪಬ್ಲಿಕ್ ಹೆಲ್ತ್ ಥೀಸಿಸ್‌ಗಳಿಗೆ ಈ ಸಂಖ್ಯೆ ಕುಲದೇವರಾಗಿಬಿಟ್ಟಿದೆ.

ಅದರ ಮೂಲ, ನನ್ನ ಈ ಗೋಳು ಕೇಳಿ ಸಾಕಾದವರಿಗೆ ಗೊತ್ತೇ ಇದೆ. 1.96ರ (ಶೇ. 95 ಭರವಸೆಗೆ ಬಳಸುವ ಸಂಖ್ಯೆ) ವರ್ಗವನ್ನು 0.5ರಿಂದ ಎರಡು ಸಲ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16. (ಮೇಲಕ್ಕೆ ಏರಿಸಿ 385 ಅನ್ನಬೇಕು, ಅಷ್ಟನ್ನೂ ಮಾಡಲ್ಲ.) ಅಂದರೆ, ಸಮಸ್ಯೆ ಅರ್ಧ ಜನರಲ್ಲಿದೆ ಅಂದುಕೊಂಡು, ಲೆಕ್ಕ ಶೇ. 5 ಆಚೀಚೆ ಆದರೂ ನಡೆಯುತ್ತೆ ಅನ್ನುವವರಿಗೆ ಇದು ಸಾಕು. ಅದೂ ಸಿಂಪಲ್ ರ‍್ಯಾಂಡಮ್ ಸ್ಯಾಂಪಲ್ (ಇಡೀ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದ್ದು) ತೆಗೆದರೆ ಮಾತ್ರ.

ಶೇ. 2 ಜನರಲ್ಲಿರುವ ಕಾಯಿಲೆಗೆ (0.5, 0.5ರ ಬದಲು 0.02, 0.98 ಹಾಕಿ) ಅದೇ ಶೇ. 5 ಇಟ್ಟು ನೋಡಿ. ಉತ್ತರ 31! 2ರಿಂದ 5 ಕಳೆದರೆ ಮೈನಸ್ 3 ಪರ್ಸೆಂಟ್ ಜನಕ್ಕೆ ಕಾಯಿಲೆ, ಆಹಾ. ಆಚೀಚೆಯನ್ನು ಅರ್ಧ ಪರ್ಸೆಂಟಿಗೆ ಇಳಿಸಿದರೆ 3,012 ಜನ ಬೇಕು.

ಕ್ಲಸ್ಟರ್ ಸರ್ವೇ (ಕೆಲವು ಊರು, ಬೀದಿಗಳನ್ನು ಆರಿಸಿ ಅಲ್ಲಿನ ಜನರನ್ನು ಕೇಳುವುದು) ಆದರಂತೂ ಕೇಳಲೇಬೇಡಿ. ಅಕ್ಕಪಕ್ಕದ ಮನೆಯವರು ಕುಡಿಯುವ ನೀರು ಒಂದೇ, ಕಚ್ಚುವ ಸೊಳ್ಳೆಯೂ ಒಂದೇ. ಹಾಗಾಗಿ ಅಲ್ಲಿನ 20 ಜನರನ್ನು ಕೇಳಿದರೂ 20 ಜನರಷ್ಟು ಹೊಸ ಮಾಹಿತಿ ಸಿಗಲ್ಲ. ಅವರ ನಡುವಿನ ಹೋಲಿಕೆ (0 ಅಂದರೆ ಏನೂ ಇಲ್ಲ, 1 ಅಂದರೆ ಎಲ್ಲರೂ ಒಂದೇ) 0.05 ಇದ್ದರೆ ಡಿಸೈನ್ ಎಫೆಕ್ಟ್, ಅಂದರೆ ಸ್ಯಾಂಪಲ್ ಎಷ್ಟು ಪಟ್ಟು ಆಗಬೇಕು ಅನ್ನೋದು, 1 + 19 × 0.05, ಅಂದರೆ 1.95. ಆಗ 385 ಹೋಗಿ 751 ಆಗುತ್ತೆ. ಶೇ. 10 ಮಂದಿ ಉತ್ತರ ಕೊಡಲ್ಲ ಅಂತಿದ್ದರೆ ಶೇ. 10 ಸೇರಿಸುವುದಲ್ಲ, 0.9ರಿಂದ ಭಾಗಿಸಬೇಕು: 835. ಇಲ್ಲಿ 384ಕ್ಕೆ ಏನು ಕೆಲಸ?

"ಎಲ್ಲಾ ಸಾಫ್ಟ್‌ವೇರ್ ಮಾಡುತ್ತಲ್ಲ" ಅನ್ನುವವರಿದ್ದಾರೆ. ಮಾಡುತ್ತೆ ಸ್ವಾಮಿ. 200 ತಾಯಂದಿರಲ್ಲಿ 190 ಮಂದಿಗೆ ತಲಾ 2 ಮಕ್ಕಳು, ಉಳಿದ 10 ಮಂದಿಯದು ಗೊತ್ತಿಲ್ಲ, ಕೋಡ್ 99. ಅದು ಮಿಸ್ಸಿಂಗ್ (ಉತ್ತರ ಇಲ್ಲ) ಅಂತ ಸಾಫ್ಟ್‌ವೇರ್‌ಗೆ ಯಾರೂ ಹೇಳಿಕೊಡಲಿಲ್ಲ. ಸರಾಸರಿ ಮಕ್ಕಳು 6.85! ಸಾಫ್ಟ್‌ವೇರ್ ಚಕಾರ ಎತ್ತಲ್ಲ, ಮೇಲಿಂದ ಪಿ ವ್ಯಾಲ್ಯೂ (ನಿಜವಾದ ಸಂಬಂಧ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ; 0.05ಕ್ಕಿಂತ ಕಡಿಮೆ ಇದ್ದರೆ ಸಂಬಂಧ ಸಿಕ್ತು ಅನ್ನೋದು ರೂಢಿ) ಬೇರೆ ಕೊಡುತ್ತೆ. ನಿಜವಾಗಿ ಯಾವ ಸಂಬಂಧವೂ ಇಲ್ಲದ ಕಡೆ, ಒಂದಕ್ಕೊಂದು ತಗುಲದ 20 ಟೆಸ್ಟ್ ಓಡಿಸಿ, ಒಂದಾದರೂ 0.05ಕ್ಕಿಂತ ಕೆಳಗೆ ಬೀಳುವ ಸಾಧ್ಯತೆ ಶೇ. 64. ಬಿದ್ದದ್ದೇ ತಡ, ಅದೇ ಪೇಪರ್.

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ವಿದ್ಯಾರ್ಥಿಗಳ ಮೇಲಲ್ಲ, ಹಿಂದಿನ ಬ್ಯಾಚ್‌ನ ಥೀಸಿಸ್ ಕೈಗಿಟ್ಟು "384 ಹಾಕು" ಅನ್ನುವ ಗೈಡ್‌ಗಳ ಮೇಲೆ. ತರಗತಿಯಲ್ಲಿ ಕಲಿಸುವುದೂ ಮೆನುವಿನಲ್ಲಿ ಎಲ್ಲಿ ಒತ್ತಬೇಕು ಅನ್ನೋದನ್ನೇ. ಬಯೋಸ್ಟ್ಯಾಟಿಸ್ಟಿಕ್ಸ್‌ನವರ (ಆರೋಗ್ಯ ಅಂಕಿಅಂಶ ತಜ್ಞರ) ನೆನಪಾಗುವುದು ಎಕ್ಸೆಲ್ ಶೀಟ್ ತುಂಬಿದ ಮೇಲೆ. ಪ್ರಶ್ನಾವಳಿಗೂ ಮೊದಲೇ ಕರೆದಿದ್ದರೆ ಖಾಲಿ ಟೇಬಲ್‌ಗಳನ್ನು ಬರೆಸುತ್ತಿದ್ದರು: ಅಡ್ಡ ಸಾಲಲ್ಲಿ ಏನು, ಕಂಬ ಸಾಲಲ್ಲಿ ಏನು, ಛೇದ ಯಾವುದು. ವಯಸ್ಸನ್ನು "18–30, 31–45" ಅಂತ ಟಿಕ್ ಹಾಕಿಸಿ, ಕೊನೆಗೆ ಸರಾಸರಿ ವಯಸ್ಸು ಕೊಡಿ ಅಂದರೆ ಎಲ್ಲಿಂದ ತರೋದು?