ರೋಮನ್ ಅಂಕಿ ಬಾಯಿಪಾಠ ಬೇಡ, ಬಿಡಿಸಿ ಬರೆಸಿ

ಒಂದರಿಂದ ನೂರರವರೆಗೆ ರೋಮನ್ ಅಂಕಿ ಬರೆದು ತನ್ನಿ ಅನ್ನುವ ಹೋಂವರ್ಕ್ ನನಗೆ ಸುತರಾಂ ಒಪ್ಪಿಗೆಯಿಲ್ಲ. ಮೂವತ್ತರ ತನಕ ಗಡಗಡ ಒಪ್ಪಿಸುವ ಮಗು 49 ಬಂದ ಕೂಡಲೇ ‘ಐಎಲ್’ ಅಂತ ಬರೆಯುತ್ತದೆ. ಐವತ್ತರಲ್ಲಿ ಒಂದು ಕಳೆದರೆ ಅಷ್ಟೇ ತಾನೇ? ಮಗು ಸರಿಯಾಗಿಯೇ ಯೋಚಿಸಿದೆ. ಸಂಖ್ಯೆಯನ್ನು ಬಿಡಿಸುವುದನ್ನು ನಾವು ಹೇಳಿಕೊಟ್ಟಿಲ್ಲ. ನಲವತ್ತು ಬೇರೆ, ಒಂಬತ್ತು ಬೇರೆ ಅಂತ ಮಾಡಿದರೆ ಎಕ್ಸ್‌ಎಲ್, ಪಕ್ಕದಲ್ಲಿ ಐಎಕ್ಸ್. ಮುಗಿಯಿತು.

ಈ ಮಳೆ ರಜೆಯಲ್ಲಿ ಅಕ್ಕಪಕ್ಕದ ಮಕ್ಕಳು ಮಡಿಕೇರಿಯ ನಮ್ಮ ಮನೆಗೆ ಬಂದಾಗ ಪಟ್ಟಿ ಮುಚ್ಚಿಟ್ಟು ನಮ್ಮ ಕೊಡಗಿನ ಇಸವಿಗಳನ್ನೇ ಕೊಟ್ಟೆ. ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಸಾವಿರ, ನೂರು, ಹತ್ತು, ಬಿಡಿ ಅಂತ ಬೇರೆ ಮಾಡಿದರೆ 1000, 800, 30, 4. ಸಾವಿರಕ್ಕೆ ಎಂ. ಎಂಟುನೂರಕ್ಕೆ ಐನೂರರ ಡಿ, ಅದರ ಬಲಕ್ಕೆ ಮೂರು ಸಿ. ಮೂವತ್ತಕ್ಕೆ ಮೂರು ಎಕ್ಸ್. ನಾಲ್ಕಕ್ಕೆ ಐವಿ. ಸಾಲಾಗಿ ಜೋಡಿಸಿದರೆ ಆಯಿತು.

ಆಮೇಲೆ 1956, ಕೊಡಗು ರಾಜ್ಯ ಮೈಸೂರಿಗೆ ಸೇರಿದ ವರ್ಷ. ಒಬ್ಬಳು ಒಂಬೈನೂರಕ್ಕೆ ಡಿ ಬರೆದು ನಾಲ್ಕು ಸಿ ಹಾಕಿದಳು. ಸಾವಿರದಲ್ಲಿ ನೂರು ಕಳೆ ಅಂದೆ, ಸಿಎಂ ಬಂತು. ಹೀಗೆ ಕಳೆದು ಬರೆಯುವ ಜೋಡಿಗಳು ಆರೇ: 4, 9, 40, 90, 400, 900. ಬಾಯಿಪಾಠ ಮಾಡಲೇಬೇಕು ಅಂದರೆ ಇಷ್ಟು ಸಾಕು.

ನನಗೆ ತುಂಬಾ ಖುಷಿ ಕೊಟ್ಟದ್ದು 1820. ಲಿಂಗರಾಜೇಂದ್ರ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದ ಇಸವಿ ಅದು. ಎಂ, ಡಿಸಿಸಿಸಿ, ಎಕ್ಸ್‌ಎಕ್ಸ್ ಬರೆದ ಹುಡುಗ ಪೆನ್ಸಿಲ್ ಹಿಡಿದುಕೊಂಡೇ ಕೂತ. “ಆಂಟಿ, ಸೊನ್ನೆಗೆ ಏನು ಬರೆಯೋದು?”

ಏನೂ ಇಲ್ಲ. ರೋಮನ್ನರ ಅಕ್ಷರಗಳಲ್ಲಿ ಸೊನ್ನೆಯೇ ಇಲ್ಲ, ಬೇಕಾಗಿಯೂ ಇಲ್ಲ. ಎಕ್ಸ್ ಎಲ್ಲಿ ಕೂತರೂ ಅದರ ಬೆಲೆ ಹತ್ತೇ, ಕೂಡುವುದೋ ಕಳೆಯುವುದೋ ಅನ್ನುವುದಷ್ಟೇ ಬದಲಾಗುತ್ತದೆ. ನಮ್ಮ 2 ಹಾಗಲ್ಲ. 1820ರ ಸೊನ್ನೆ ತೆಗೆದರೆ ಇಪ್ಪತ್ತಾಗಿದ್ದ 2 ಬರೀ ಎರಡಾಗಿ, ಇಡೀ ಸಂಖ್ಯೆ 182ಕ್ಕೆ ಇಳಿಯುತ್ತದೆ. ಸ್ಥಾನಬೆಲೆ ಅಂದರೇನು ಅಂತ ಆ ಹುಡುಗನಿಗೆ ಹೊಳೆದದ್ದು ಆ ಪ್ರಶ್ನೆಯಿಂದ. ಉತ್ತರ ಮೊಬೈಲಿನಲ್ಲೂ ಕ್ಷಣದಲ್ಲಿ ಸಿಗುತ್ತದೆ, ಆದರೆ ಈ ಪ್ರಶ್ನೆ ಕೈಯಲ್ಲಿ ಬರೆದಾಗ ಮಾತ್ರ ಹುಟ್ಟುತ್ತದೆ. ರೋಮನ್ ಅಂಕಿ ಪಾಠದಲ್ಲಿ ಇರಲೇಬೇಕು ಅಂತ ನಾನು ವಾದಿಸುವುದು ಇದಕ್ಕೇ.

ಶಿಕ್ಷಕರಲ್ಲಿ ಒಂದು ವಿನಂತಿ. ನಾಲ್ಕಕ್ಕೆ ನಾಲ್ಕು ಐ ಬರೆದ ಮಗುವನ್ನು ಗದರಬೇಡಿ. ರೋಮನ್ನರೇ ಎಷ್ಟೋ ಕಡೆ ಹಾಗೆ ಬರೆದಿದ್ದಾರೆ, ರೋಮ್‌ನ ಪುರಾತನ ಕ್ರೀಡಾಂಗಣ ಕೊಲೊಸಿಯಂನ 44ನೇ ಬಾಗಿಲ ಮೇಲೂ ಹಾಗೇ ಇದೆ. ನಾಲ್ಕಕ್ಕೆ ನಾಲ್ಕು ಐ ಇರುವ ಹಳೆಯ ಗೋಡೆ ಗಡಿಯಾರ ಇದ್ದರೆ ಅದನ್ನೂ ತೋರಿಸಿ. ಈಗಿನ ರೂಢಿ ಐವಿ, ಪರೀಕ್ಷೆಯಲ್ಲಿ ಅದನ್ನೇ ಬರೆ ಅಂತ ಹೇಳಿಕೊಡಿ.