ಚೊಂಬಿನ ಮೇಲೊಂದು ಆರೋಪ

ನಾವೆಲ್ಲ ಬಕೆಟ್ಟು, ಚೊಂಬು ಹಿಡಿದು ಸ್ನಾನ ಮಾಡಿ ಬೆಳೆದವರು. ಒಂದು ಬಕೆಟ್ ಬಿಸಿನೀರು, ಹತ್ತು ಹದಿನೈದು ಚೊಂಬು, ಮುಗೀತು. ಇದರಿಂದ ಗೋಡೆಗೆ ಬೂಷ್ಟು ಹಿಡಿಯುತ್ತದೆ ಅಂತ ನಮಗೆ ಅಜ್ಜಿಯೂ ಹೇಳಲಿಲ್ಲ, ಮನೆ ಕಟ್ಟಿದ ಮೇಸ್ತ್ರಿಯೂ ಹೇಳಲಿಲ್ಲ. ಈ ಸಂಶೋಧನೆ ಆಗಿದ್ದು ಇಂಗ್ಲೆಂಡಿನಲ್ಲಿ.

ಮ್ಯಾಂಚೆಸ್ಟರ್ ಹತ್ತಿರ ರಾಚ್‌ಡೇಲ್ ಅಂತ ಒಂದು ಊರು. ಸುಡಾನಿನಿಂದ ಬಂದ ಒಂದು ಕುಟುಂಬ ಅಲ್ಲಿ ಸೋಷಿಯಲ್ ಹೌಸಿಂಗ್ ಫ್ಲ್ಯಾಟಿನಲ್ಲಿತ್ತು. ಅಂದರೆ ಕೌನ್ಸಿಲ್‌ನವರೋ, ಲಾಭಕ್ಕೆ ನಡೆಯದ ಸಂಸ್ಥೆಯವರೋ ಕಡಿಮೆ ಬಾಡಿಗೆಗೆ ಕೊಡುವ ಮನೆ. ಇಂಗ್ಲೆಂಡಿನಲ್ಲಿ ಇಂಥವು 40 ಲಕ್ಷಕ್ಕೂ ಹೆಚ್ಚಿವೆ. ಗೋಡೆಗೆ ಬೂಷ್ಟು ಬಂದಿದೆ ಅಂತ ಆ ಮನೆಯಾತ 2017ರಲ್ಲೇ ದೂರು ಕೊಟ್ಟ. ಮನೆ ಕೊಟ್ಟ ಸಂಸ್ಥೆಯವರು ಮೇಲೆ ಬಣ್ಣ ಬಳಿಯಿರಿ ಅಂದರು. ಬಳಿದ. ಬೂಷ್ಟು ನಾಲ್ಕು ದಿನ ಮುಸುಕು ಹಾಕಿಕೊಂಡು ಮಲಗಿ ಮತ್ತೆ ಎದ್ದು ಕೂತಿತು. ಸಂಸ್ಥೆಯವರ ತಲೆಯಲ್ಲಿ ಮಾತ್ರ ಕಾರಣ ಸಿದ್ಧವಾಗಿತ್ತು. ಈ ಜನ ಬಕೆಟ್ ಸ್ನಾನ ಮಾಡುತ್ತಾರಲ್ಲ, ಅದೇ ಇರಬೇಕು! ಕಟ್ಟಡ ಸರಿಯಾಗಿಯೇ ಇದೆ, ಕೆಟ್ಟಿರುವುದು ಇವರ ಲೈಫ್‌ಸ್ಟೈಲು.

ಆ ಫ್ಲ್ಯಾಟಿನಲ್ಲಿ ಹಬೆ ಹೊರಗೆ ಹೋಗಲು ಸರಿಯಾದ ದಾರಿಯೇ ಇರಲಿಲ್ಲ ಅನ್ನುವುದು ಹೊರಬಂದಿದ್ದು ಆಮೇಲೆ.

2020ರಲ್ಲಿ ಆತ ಬೇಸತ್ತು ವಕೀಲರ ಹತ್ತಿರ ಹೋದ. ನಿಜವಾದ ಕೈಚಳಕ ಇರುವುದು ಇಲ್ಲೇ. ವಕೀಲರ ಮೂಲಕ ಕ್ಲೇಮ್ ಬಂದರೆ, ಆ ವಕೀಲರು ಒಪ್ಪುವ ತನಕ ರಿಪೇರಿಗೆ ಕೈ ಹಾಕಬಾರದು ಅಂತ ಸಂಸ್ಥೆಯ ನಿಯಮವಿತ್ತಂತೆ. ಬಾಯಿಮಾತಲ್ಲಿ ಹೇಳಿದರೆ ಬಣ್ಣದ ಸಲಹೆಯಾದರೂ ಸಿಗುತ್ತಿತ್ತು. ವಕೀಲರ ಮೂಲಕ ಹೇಳಿದ್ದಕ್ಕೆ ಚೊಂಬು ಸಿಕ್ಕಿತು.

ಆ ವರ್ಷ ಡಿಸೆಂಬರ್‌ನಲ್ಲಿ ಮನೆಯ ಎರಡು ವರ್ಷದ ಮಗು, ಅವಾಬ್, ತೀರಿಕೊಂಡಿತು. ಬೂಷ್ಟಿನಿಂದಲೇ ಉಸಿರಾಟ ಕೆಟ್ಟು ಸತ್ತಿದ್ದು ಅಂತ 2022ರ ನವೆಂಬರ್‌ನಲ್ಲಿ, ಸಾವಿನ ವಿಚಾರಣೆ ನಡೆಸಿದ ಕೊರೋನರ್ ಹೇಳಿದರು. ಲೈಫ್‌ಸ್ಟೈಲ್ ಬಗ್ಗೆ ನಾವು ಸುಮ್ನೆ ಅಂದುಕೊಂಡಿದ್ದು ತಪ್ಪು ಅಂತ ಸಂಸ್ಥೆ ಆಗ ಒಪ್ಪಿಕೊಂಡಿತು. ಬೂಷ್ಟಿಗೆ ಲೈಫ್‌ಸ್ಟೈಲೇ ಕಾರಣ ಅನ್ನುವುದನ್ನು ಬಿಡಿ ಅಂತ, ಬಾಡಿಗೆಯವರ ದೂರು ವಿಚಾರಿಸುವ ಅಲ್ಲಿನ ಹೌಸಿಂಗ್ ಓಂಬುಡ್ಸ್‌ಮನ್ 2021ರಲ್ಲೇ ವರದಿ ಬರೆದು, 26 ಶಿಫಾರಸು ಕೊಟ್ಟಿದ್ದರು. ವರದಿಗೂ ಬೂಷ್ಟು ಹಿಡಿದಿತ್ತೇನೋ.

ಈಗ ಅಲ್ಲಿನ ಓನರ್ ಸಂಸ್ಥೆಗಳಿಗೆಲ್ಲ ಒಂದೇ ಚಿಂತೆ. ಬಾಡಿಗೆಯವರ ಜೊತೆ ಇನ್ನೂ ಚೆನ್ನಾಗಿ ಬೆರೆಯುವುದು ಹೇಗೆ? ಅದಕ್ಕೊಂದು ಸ್ಟ್ರಾಟಜಿ, ಸ್ಟ್ರಾಟಜಿಗೊಂದು ಪ್ಯಾನೆಲ್, ಪ್ಯಾನೆಲ್‌ಗೆ ಚಹಾ ಬಿಸ್ಕತ್ತು. ಎಷ್ಟೋ ಕಡೆ ಬಾಡಿಗೆಯವರನ್ನು ಈಗ ಕಸ್ಟಮರ್ ಅನ್ನುತ್ತಾರೆ. ಈ ಅಂಗಡಿ ಬೇಡ ಅಂದರೆ ಪಕ್ಕದ ಅಂಗಡಿಗೆ ಹೋಗುವವನು ಕಸ್ಟಮರ್, ಅಲ್ವಾ? ವರ್ಷಗಟ್ಟಲೆ ಪಟ್ಟಿಯಲ್ಲಿ ಕಾದು ಮನೆ ಹಿಡಿದವನು ಎಲ್ಲಿಗೆ ಹೋಗಬೇಕು? ‘ನೀವು ಹೇಳಿದಿರಿ, ನಾವು ಮಾಡಿದೆವು’ ಅಂತ ಪೋಸ್ಟರ್ ಬೇರೆ. ದೊಡ್ಡ ಸೈಜಿನದಾದರೆ ಒಳ್ಳೆಯದು. ಗೋಡೆಯ ಕಪ್ಪೂ ಮುಚ್ಚಿಹೋಗುತ್ತದೆ.

ನಮ್ಮ ಬೆಂಗಳೂರಿನ ಓನರ್‌ಗಳನ್ನು ನಾವು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಮೊಳೆ ಹೊಡೀಬೇಡಿ, ನೀರು ಜಾಸ್ತಿ ಬಿಡಬೇಡಿ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳುತ್ತಾರೆ. ನೋಡಿ, ಅಲ್ಲೂ ಬಣ್ಣ, ಇಲ್ಲೂ ಬಣ್ಣ. ಆದರೆ ಓನರ್ ಆಂಟಿ ಕೆಳಗಿನ ಮನೆಯಲ್ಲೇ ಇದ್ದರೆ ಒಂದು ಅನುಕೂಲ ಇದೆ. ನಮ್ಮ ಬಚ್ಚಲು ಸೋರಿದರೆ ನೀರು ಅವರ ದೇವರಮನೆಗೇ ಇಳಿಯುತ್ತದೆ. ದೂರು ಬೇಡ, ವಕೀಲರು ಬೇಡ. ಅರ್ಧ ಗಂಟೆಯಲ್ಲಿ ಪ್ಲಂಬರ್ ಹಾಜರ್. ಬಾಡಿಗೆಯವರ ಜೊತೆ ಬೆರೆಯುವುದು ಅಂದರೆ ಇದು. ಇಂಗ್ಲೆಂಡಿನವರಿಗೆ ನನ್ನದೊಂದು 27ನೇ ಶಿಫಾರಸು: ಪ್ರತಿ ಸಂಸ್ಥೆಯ ಮುಖ್ಯಸ್ಥರಿಗೂ ಸೋರುವ ಬಚ್ಚಲಿನ ಕೆಳಗೇ ಮನೆ ಕೊಡಿ.

ಅವರು ಅದನ್ನು ಬಿಟ್ಟು ಕಾನೂನು ಮಾಡಿದರು. ಅವಾಬ್‌ನ ಹೆಸರಿನದೇ ಕಾನೂನು, 2025ರ ಅಕ್ಟೋಬರ್ 27ರಿಂದ ಜಾರಿಗೆ ಬಂತು. ತುರ್ತು ಅಪಾಯ ಇದ್ದರೆ 24 ಗಂಟೆಯೊಳಗೆ ಸರಿಮಾಡಬೇಕು. ಗಂಭೀರವಾದ ತೇವ, ಬೂಷ್ಟು ಅಂದರೆ ಕೆಲಸದ 10 ದಿನದೊಳಗೆ ಬಂದು ಪರೀಕ್ಷಿಸಬೇಕು. ಒಳ್ಳೆಯ ಕಾನೂನೇ. ಗೋಡೆ ಒದ್ದೆ ಅಂದರೆ ಬಂದು ನೋಡಿ ಅಂತ ಹೇಳುವುದಕ್ಕೆ ಒಂದು ಪಾರ್ಲಿಮೆಂಟ್ ಬೇಕಾಯಿತು, ಅಷ್ಟೇ.

ಸರ್ವೇನೂ ಇದೆ. 2023ರ ಏಪ್ರಿಲ್‌ನಿಂದ ಈ ಸಂಸ್ಥೆಗಳನ್ನು ಅಳೆಯಲು 22 ಅಳತೆಗಳು. ಅದರಲ್ಲಿ 12ಕ್ಕೆ ಬಾಡಿಗೆಯವರನ್ನೇ ಕೇಳಬೇಕು. ಓನರ್ ನಿಮ್ಮ ಮಾತು ಕೇಳಿಸಿಕೊಂಡು ಅದರಂತೆ ನಡೆಯುತ್ತಾರಾ ಅನ್ನುವುದೂ ಅದರಲ್ಲೊಂದು. ಆ ಫೋನ್ ಕರೆ ಹೀಗಿರಬಹುದು ಅಂತ ನನ್ನ ಊಹೆ.

“ಮೇಡಂ, ನಿಮ್ಮ ಮಾತನ್ನು ನಾವು ಕೇಳಿಸಿಕೊಳ್ಳುವ ಬಗ್ಗೆ ನಿಮಗೆ ತುಂಬಾ ತೃಪ್ತಿಯೋ, ತಕ್ಕಮಟ್ಟಿಗೆ ತೃಪ್ತಿಯೋ, ಎರಡೂ ಅಲ್ಲವೋ?”

“ಮೇಲಿಂದ ನೀರು ಸೋರುತ್ತಿದೆ.”

“ಆ ಉತ್ತರ ನಮ್ಮ ಪಟ್ಟಿಯಲ್ಲಿ ಇಲ್ಲ ಮೇಡಂ.”

“ಗೋಡೆಯೆಲ್ಲ ಕಪ್ಪಗಾಗಿದೆ. ಮಗು ರಾತ್ರಿಯೆಲ್ಲ ಕೆಮ್ಮುತ್ತದೆ.”

“ಎರಡೂ ಅಲ್ಲ ಅಂತ ಬರೆದುಕೊಳ್ಳುತ್ತೇನೆ. ಕೊನೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಬಕೆಟ್ ಇದೆಯಾ?”

“ಇದೆ. ಸೋರುವ ಕಡೆ ಇಟ್ಟಿದ್ದೇನೆ.”

“ಇದೆ ತಾನೆ? ಅಷ್ಟು ಸಾಕು ಮೇಡಂ, ಥ್ಯಾಂಕ್ಸ್.”